ಗ್ರಹಣ ಡಿಸೆಂಬರ್‌ನಲ್ಲಿ, ಮೂಗಿನ ಬಾಗಿಲು ಸೆಪ್ಟೆಂಬರ್‌ನಲ್ಲಿ

ಕಾಸರಗೋಡಿನ ಪೆರ್ಲದ ಕಡೆಯ ಒಬ್ಬ ತಂದೆ ಬರೆದ ಪತ್ರ ಇದು. ಉದ್ದ ಇತ್ತು, ಸ್ವಲ್ಪ ಮೊಟಕು ಮಾಡಿದ್ದೇನೆ.

"ನನ್ನ ಮಗಳು ಹುಟ್ಟಿದ್ದು 2020ರ ಏಪ್ರಿಲ್ ಕೊನೆಗೆ, ಲಾಕ್‌ಡೌನ್ ಹೊತ್ತಿಗೆ. ಈಗ ಒಂದನೇ ಕ್ಲಾಸು. ಹುಟ್ಟಿದಾಗಿನಿಂದಲೂ ಅವಳ ಮೂಗಿನ ಬಲ ಹೊಳ್ಳೆಯಲ್ಲಿ ಗೋಂದಿನ ಹಾಗೆ ಸಿಂಬಳ ನಿಂತಿರುತ್ತದೆ. ಶೀತ ಅಂದರು, ಅಲರ್ಜಿ ಅಂದರು, ಮೂಗಿಗೆ ಏನೋ ಹಾಕಿಕೊಂಡಿದ್ದಾಳೆ ಅಂದರು. ಮೊನ್ನೆ ಒಬ್ಬ ಇ.ಎನ್.ಟಿ. ಡಾಕ್ಟರು ಸಿ.ಟಿ. ಸ್ಕ್ಯಾನ್ ಮಾಡಿಸಿ, ಮೂಗಿನ ಹಿಂಬಾಗಿಲು ಹುಟ್ಟಿನಿಂದಲೇ ಮುಚ್ಚಿದೆ, ಕೊಅನಲ್ ಅಟ್ರೀಸಿಯಾ, ಆಪರೇಷನ್ ಬೇಕು ಅಂದರು. ಯಾಕೆ ಹೀಗಾಯಿತು ಎಂದು ಕೇಳಿದ್ದಕ್ಕೆ 'ಗರ್ಭದಲ್ಲಿ ಸಾಯಬೇಕಾದ ಕೋಶಗಳು ಸಾಯಲಿಲ್ಲ' ಅಂದರು. ಮಲಯಾಳದಲ್ಲಿ ಹೇಳಿದ್ದು, ನನಗೆ ಅರ್ಥವಾದದ್ದು ಅಷ್ಟೇ. ಆ ರಾತ್ರಿ ನಿದ್ದೆ ಬರಲಿಲ್ಲ. ಕೋಶ ಸಾಯದೇ ಉಳಿದರೆ ಅದು ಕ್ಯಾನ್ಸರ್ ಅಲ್ವಾ? ಇನ್ನೊಂದು ವಿಷಯ. 2019ರ ಡಿಸೆಂಬರ್ 26ರ ಕಂಕಣ ಗ್ರಹಣವನ್ನು ನಾನೇ ಹಠ ಹಿಡಿದು ಹೆಂಡತಿಗೆ ಕನ್ನಡಕ ಕೊಟ್ಟು ಅಂಗಳದಲ್ಲಿ ತೋರಿಸಿದ್ದೆ. ಆಗ ಅವಳಿಗೆ ಐದನೇ ತಿಂಗಳು. ಅಮ್ಮ ಈಗ ಅದನ್ನೇ ಎತ್ತಿ ಆಡುತ್ತಾರೆ. ನೆರೆಯವರು ಎಂಡೋಸಲ್ಫಾನ್ ಅನ್ನುತ್ತಾರೆ. ಹೆಂಡತಿ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಳು, ಅವಳಿಗೆ ಅದರದ್ದೇ ಚಿಂತೆ. ಆಪರೇಷನ್ ಈಗಲೇ ಬೇಕಾ? ದೊಡ್ಡವಳಾಗುವಾಗ ತನ್ನಷ್ಟಕ್ಕೇ ತೆರೆಯುವುದಿಲ್ಲವಾ?"

ನಿದ್ದೆ ಕೆಡಿಸಿದ ಪ್ರಶ್ನೆಯನ್ನೇ ಮೊದಲು ಮುಗಿಸೋಣ. ಇದು ಕ್ಯಾನ್ಸರ್ ಅಲ್ಲ. ಮುಂದೆ ಕ್ಯಾನ್ಸರಿಗೆ ತಿರುಗುವ ಕಾಯಿಲೆಯೂ ಅಲ್ಲ. ಕ್ಯಾನ್ಸರ್ ಕೋಶ ಸಾವನ್ನು ತಪ್ಪಿಸಿಕೊಳ್ಳುವುದು ಮಾತ್ರವಲ್ಲ, ಹೆಚ್ಚುತ್ತಲೇ ಹೋಗುತ್ತದೆ, ಅಕ್ಕಪಕ್ಕಕ್ಕೆ ನುಗ್ಗುತ್ತದೆ. ನಿಮ್ಮ ಮಗಳ ಮೂಗಿನಲ್ಲಿರುವುದು ಒಂದು ಗೋಡೆ. ಸ್ವಲ್ಪ ಮೂಳೆ, ಅದರ ಮೇಲೆ ಪೊರೆ. ಅದು ಎಲ್ಲಿಗೂ ಹರಡುವುದಿಲ್ಲ, ಸುಮ್ಮನೆ ಅಲ್ಲೇ ನಿಂತಿರುತ್ತದೆ.

ಆ ಡಾಕ್ಟರನ್ನು ಬೈಯಬೇಡಿ. ಹೊರಗೆ ನಲವತ್ತು ಜನ ಕಾಯುತ್ತಿರುವಾಗ ನಾನೂ ಇಂಥದ್ದೇ ಒಂದು ಸಾಲು ಹೇಳಿ ಕಳಿಸಿದ್ದೇನೆ. 'ಸಾವು' ಎಂಬ ಪದ ಮಾತ್ರ ಆಸ್ಪತ್ರೆಯಲ್ಲಿ ಸಣ್ಣದಾಗಿ ಕೇಳಿಸಿ, ಮನೆಗೆ ಹೋದ ಮೇಲೆ ದೊಡ್ಡದಾಗುತ್ತದೆ. ಅದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಕಡೆ ಅಡಿಕೆ ತೋಟ ನೋಡದವರು ಯಾರೂ ಇಲ್ಲ. ಹಾಳೆ ಬೀಳುವುದು ಹೇಗೆ? ಹಣ್ಣಾಗಿ, ಬುಡ ಬಿಡಿಸಿಕೊಂಡು, ತನ್ನ ಹೊತ್ತಿಗೆ ತಾನೇ ಕಳಚುತ್ತದೆ. ಮರಕ್ಕೆ ಗಾಯವಿಲ್ಲ. ಒಂದು ಉಂಗುರದ ಗುರುತು ಉಳಿಯುತ್ತದೆ ಅಷ್ಟೆ. ಹಾಳೆ ಕಳಚಿದ ಮೇಲೆಯೇ ಹಿಂಗಾರ ಹೊರಗೆ ಬಂದು ಬಿಡಿಸಿಕೊಳ್ಳುವುದು. ಅದೇ ಹಸಿ ಸೋಗೆಯನ್ನು ಕತ್ತಿಯಲ್ಲಿ ಕಡಿದರೆ ಆ ಕಥೆಯೇ ಬೇರೆ.

ನಮ್ಮ ಮೈಯಲ್ಲೂ ಕೋಶಗಳು ಈ ಎರಡು ಥರ ಸಾಯುತ್ತವೆ. ಪೆಟ್ಟು ಬಿದ್ದು, ಸುಟ್ಟು, ರಕ್ತ ಸಿಗದೆ ಸತ್ತರೆ ಕೋಶ ಒಡೆದು ಒಳಗಿನದ್ದು ಹೊರಗೆ ಚೆಲ್ಲುತ್ತದೆ. ಊತ, ಕೆಂಪು, ನೋವು ಬರುತ್ತದೆ. ಇನ್ನೊಂದು ಹಾಳೆ ಬೀಳುವ ಹಾಗೆ, ಮೊದಲೇ ಗೊತ್ತಾದ ಹೊತ್ತಿಗೆ. ಕೋಶದೊಳಗೆ ಕ್ಯಾಸ್ಪೇಸ್ ಎಂಬ ಕಿಣ್ವಗಳು ಮಲಗಿರುತ್ತವೆ. ಸಂಕೇತ ಬಂದರೆ ಎದ್ದು ಕೋಶವನ್ನು ಒಳಗಿನಿಂದ ಕತ್ತರಿಸುತ್ತವೆ. ಕೋಶ ಕುಗ್ಗುತ್ತದೆ, ಸಣ್ಣ ಸಣ್ಣ ಪೊಟ್ಟಣಗಳಾಗುತ್ತದೆ, ಅಕ್ಕಪಕ್ಕದ ಕೋಶಗಳು ಅದನ್ನು ನುಂಗಿ ಜಾಗ ಚೊಕ್ಕ ಮಾಡುತ್ತವೆ. ಕೀವಿಲ್ಲ, ಕಲೆಯಿಲ್ಲ. 1972ರಲ್ಲಿ ಕೆರ್, ವೈಲಿ ಮತ್ತು ಕರ್ರಿ ಎಂಬ ಮೂವರು ಇದಕ್ಕೆ ಅಪಾಪ್ಟೋಸಿಸ್ ಎಂದು ಹೆಸರಿಟ್ಟರು. ಗ್ರೀಕ್ ಪದ, ಎಲೆ ಅಥವಾ ಹೂವಿನ ಎಸಳು ಉದುರುವುದು ಎಂದು ಅರ್ಥ. ಆ ಪ್ರೊಫೆಸರುಗಳಿಗೆ ಅಡಿಕೆ ತೋಟ ಗೊತ್ತಿದ್ದರೆ ಬೇರೆ ಹೆಸರು ಇಡುತ್ತಿದ್ದರೋ ಏನೋ!

ಇದರ ಕರಾರುವಾಕ್ಕು ಎಷ್ಟು ಗೊತ್ತಾ? ಸಿ. ಎಲೆಗಾನ್ಸ್ ಎಂಬ ಒಂದು ಮಿಲಿಮೀಟರ್ ಉದ್ದದ ಹುಳ ಇದೆ. ಅದು ಬೆಳೆಯುವಾಗ 1090 ಕೋಶಗಳು ಹುಟ್ಟುತ್ತವೆ. ಅದರಲ್ಲಿ 131 ಸಾಯುತ್ತವೆ, 959 ಉಳಿಯುತ್ತವೆ. ಪ್ರತಿ ಹುಳದಲ್ಲೂ ಅದೇ 131. ಈ ಹುಳದ ಮೇಲಿನ ಕೆಲಸಕ್ಕೆ ಬ್ರೆನರ್, ಹಾರ್ವಿಟ್ಜ್, ಸಲ್ಸ್ಟನ್ ಮೂವರಿಗೆ 2002ರಲ್ಲಿ ನೊಬೆಲ್ ಬಂತು. ನಮ್ಮಲ್ಲಿ ಲೆಕ್ಕ ಅಷ್ಟು ಬಿಗಿ ಇಲ್ಲ. ಆದರೆ ಕ್ರಮ ಅದೇ. ನಿಮ್ಮ ಬೆರಳುಗಳು ಬೇರೆ ಬೇರೆಯಾಗಿರುವುದು ನಡುವಿನ ಪೊರೆಯ ಕೋಶಗಳು ಸತ್ತ ಕಾರಣಕ್ಕೆ. ಬಾತುಕೋಳಿಯ ಕಾಲಿನಲ್ಲಿ ಆ ಪೊರೆ ಹಾಗೇ ಉಳಿಯುತ್ತದೆ.

ಈಗ ಮೂಗಿಗೆ ಬರೋಣ. ಇಲ್ಲಿ ನನಗೆ ಮತ್ತೆ ನಿಮ್ಮ ಊರಿನದ್ದೇ ಉದಾಹರಣೆ ಬೇಕು, ಸುರಂಗ. ಎಣ್ಮಕಜೆ, ಬಾಯಾರು ಕಡೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ತೋಡುತ್ತಾ ತೋಡುತ್ತಾ ನೀರಿನ ಒಸರಿಗೆ ಹೋಗುತ್ತಾರಲ್ಲ, ಮೂಗು ತಯಾರಾಗುವುದೂ ಸುಮಾರು ಹಾಗೆಯೇ. ಗರ್ಭ ನಿಂತು ನಾಲ್ಕು ವಾರ ಮುಗಿಯುವ ಹೊತ್ತಿಗೆ, ಮುಂದೆ ಮುಖವಾಗುವ ಜಾಗದಲ್ಲಿ ಎರಡು ಕಡೆ ಹೊರಪದರ ದಪ್ಪವಾಗುತ್ತದೆ. ಐದನೇ ವಾರ ಅಲ್ಲಿ ಗುಳಿ ಬೀಳುತ್ತದೆ. ಸುತ್ತಲಿನ ದಂಡೆ ಏರುತ್ತದೆ, ಗುಳಿ ಹಿಂದಕ್ಕೆ ಇಳಿಯುತ್ತದೆ. ಕೊನೆಗೆ ಮೂಗಿನ ಸುರಂಗಕ್ಕೂ ಬಾಯಿಗೂ ನಡುವೆ ಉಳಿಯುವುದು ಒಂದು ತೆಳು ಪೊರೆ. ಅದರ ಕೋಶಗಳು ಸತ್ತು, ಪೊರೆ ಸವೆದು, ಏಳನೇ ವಾರದ ಹೊತ್ತಿಗೆ ಹರಿಯುತ್ತದೆ. ಅದೇ ಮೂಗಿನ ಹಿಂಬಾಗಿಲು. ಆಗ ಮಗು ಒಂದು ಗೇರುಬೀಜಕ್ಕಿಂತ ಚಿಕ್ಕದು. ಎಷ್ಟೋ ತಾಯಂದಿರಿಗೆ ಬಸಿರು ಖಾತ್ರಿಯಾಗಿ ಆಗಷ್ಟೇ ಕೆಲವು ದಿನ ಆಗಿರುತ್ತದೆ.

ಅಲ್ಲಿಗೇ ಮುಗಿಯಲಿಲ್ಲ. ಅಂಗುಳಿನ ಎರಡು ಹಲಗೆಗಳು ನಾಲಗೆಯ ಅಕ್ಕಪಕ್ಕ ನೇತಾಡುತ್ತಿರುತ್ತವೆ. ಅವು ಮೇಲೆದ್ದು ನಡುವೆ ಬೆಸೆದು ಹನ್ನೆರಡನೇ ವಾರದ ಹೊತ್ತಿಗೆ ಮೂಗಿಗೆ ನೆಲ ಹಾಕುತ್ತವೆ. ಬೆಸುಗೆಯ ಗೆರೆಯಲ್ಲಿರುವ ಕೋಶಗಳೂ ಮಾಯವಾಗಬೇಕು. ಕೆಲವು ಸಾಯುತ್ತವೆ, ಕೆಲವು ಸರಿದು ಹೋಗುತ್ತವೆ. ಯಾವುದು ಎಷ್ಟು ಎಂದು ವಿಜ್ಞಾನಿಗಳು ಇವತ್ತಿಗೂ ಜಗಳ ಆಡುತ್ತಾರೆ. ಹಲಗೆಗಳು ಕೂಡದಿದ್ದರೆ ಸೀಳು ಅಂಗುಳು. ಮುಂದಿನ ಹೊಳ್ಳೆಗಳಿಗೂ ಕೆಲವು ತಿಂಗಳು ಕೋಶಗಳದೇ ಬೂಚು ಇರುತ್ತದೆ, ಆಮೇಲೆ ಕರಗುತ್ತದೆ. ಕಣ್ಣೀರು ಮೂಗಿಗೆ ಇಳಿಯುವ ಕೊಳವೆ ಕೂಡ ಮೊದಲು ಗಟ್ಟಿ ಹಗ್ಗ. ನಡುವಿನ ಕೋಶಗಳು ಸತ್ತ ಮೇಲೆಯೇ ಅದು ಟೊಳ್ಳಾಗುವುದು.

ಕೊನೆಯ ಈ ಕೊಳವೆಯ ಕಥೆ ನಿಮಗೆ ಮುಖ್ಯ. 'ತನ್ನಷ್ಟಕ್ಕೇ ತೆರೆಯುತ್ತದೆ' ಎಂದು ನಿಮಗೆ ಯಾರೋ ಹೇಳಿದ್ದು ಬಹುಶಃ ಇದರಿಂದ ಬಂದ ಮಾತು. ಕಣ್ಣೀರಿನ ಕೊಳವೆಯ ಕೆಳತುದಿಯ ಪೊರೆ ಎಷ್ಟೋ ಮಕ್ಕಳಲ್ಲಿ ಹುಟ್ಟುವಾಗ ತೆರೆದಿರುವುದಿಲ್ಲ. ಕಣ್ಣಲ್ಲಿ ನೀರು, ಪಿಸುರು. ಮೂಗಿನ ಬದಿ ಒತ್ತಿ ತಿಕ್ಕಲು ಹೇಳುತ್ತೇವೆ, ವರ್ಷ ತುಂಬುವುದರೊಳಗೆ ಹೆಚ್ಚಿನವರದ್ದು ತೆರೆಯುತ್ತದೆ. ಮೂಗಿನ ಹಿಂಬಾಗಿಲು ಹಾಗಲ್ಲ. ಹುಟ್ಟುವ ಹೊತ್ತಿಗೆ ಅಲ್ಲಿ ಹೆಚ್ಚಾಗಿ ಮೂಳೆ ಕೂತಿರುತ್ತದೆ. ಆವಿ, ಡ್ರಾಪ್ಸ್, ಉಜ್ಜುವುದು ಯಾವುದೂ ಮೂಳೆಗೆ ತಾಗುವುದಿಲ್ಲ. ತೆರೆಯಲು ಆಪರೇಷನ್ ಒಂದೇ ದಾರಿ.

ನಿಮ್ಮ ಡಾಕ್ಟರು ಹೇಳಿದ ಕಾರಣಕ್ಕೆ ಒಂದು ಬಾಲ ಸೇರಿಸುತ್ತೇನೆ. 'ಸಾಯಬೇಕಾದ ಪೊರೆ ಸಾಯಲಿಲ್ಲ' ಎನ್ನುವುದು ಈ ದೋಷಕ್ಕೆ ಕೊಡುವ ಹಲವು ವಿವರಣೆಗಳಲ್ಲಿ ಒಂದು. ಆ ಜಾಗಕ್ಕೆ ಬರಬೇಕಾದ ಕೋಶಗಳು ದಾರಿ ತಪ್ಪಿ ಬಂದು ಹೆಚ್ಚು ಮೂಳೆ ಕಟ್ಟಿದವು ಎನ್ನುವುದು ಇನ್ನೊಂದು. ನನಗೆ ಎರಡನೆಯದರ ಕಡೆಗೂ ಒಲವಿದೆ. ಯಾಕೆಂದರೆ ಸ್ಕ್ಯಾನ್‌ನಲ್ಲಿ ಅಡ್ಡಗೋಡೆ ಮಾತ್ರ ಕಾಣುವುದಿಲ್ಲ, ಪಕ್ಕದ ಮೂಳೆಯೂ ಒಳಕ್ಕೆ ಒತ್ತಿಕೊಂಡಿರುತ್ತದೆ. ಬರೀ ಪೊರೆ ಉಳಿದಿದ್ದರೆ ಹಾಗೆ ಆಗಬೇಕಿರಲಿಲ್ಲ. ಇಲಿಗಳಲ್ಲಿ ಒಂದು ಸುಳಿವು ಸಿಕ್ಕಿದೆ. ವಿಟಮಿನ್ ಎಯಿಂದ ರೆಟಿನೋಯಿಕ್ ಆಮ್ಲ ತಯಾರಿಸುವ ಒಂದು ಜೀನ್ ತೆಗೆದರೆ ಮರಿಗಳ ಮೂಗಿನ ಹಿಂಬಾಗಿಲು ತೆರೆಯುವುದಿಲ್ಲ, ಹುಟ್ಟಿದ ಕೂಡಲೇ ಸಾಯುತ್ತವೆ. ಬಸಿರಿನಲ್ಲಿ ತಾಯಿ ಇಲಿಗೆ ಆ ಆಮ್ಲ ಕೊಟ್ಟಾಗ ಮರಿಗಳು ಬದುಕಿದವು. 2003ರ ಸಂಶೋಧನೆ ಇದು. ಇದನ್ನು ಓದಿ ಯಾರೂ ಬಸಿರಿನಲ್ಲಿ ವಿಟಮಿನ್ ಎ ಮಾತ್ರೆ ನುಂಗಬೇಡಿ. ಮನುಷ್ಯರಲ್ಲಿ ಅದು ಜಾಸ್ತಿಯಾದರೆ ಮಗುವಿಗೇ ಕೆಡುಕು. ಮೊಡವೆಗೆ ಕೊಡುವ ಐಸೋಟ್ರೆಟಿನೋಯಿನ್ ಮಾತ್ರೆಯನ್ನು ಗರ್ಭಿಣಿಯರಿಗೆ ಕೊಡಲೇಬಾರದು ಎನ್ನುವುದು ಇದೇ ಕಾರಣಕ್ಕೆ.

ಇನ್ನು ಗ್ರಹಣ. ಆ ದಿನ ನನಗೂ ನೆನಪಿದೆ. ಚೆರುವತ್ತೂರಿಗೆ ದೂರದೂರಿನಿಂದ ಜನ ಬಂದಿದ್ದರು. ಬೆಳಿಗ್ಗೆ ಒಂಬತ್ತೂವರೆಗೆ ಸ್ವಲ್ಪ ಮೊದಲು ಸುಮಾರು ಮೂರು ನಿಮಿಷ ಬಳೆ ಕಾಣಿಸಿತು. ಈಗ ಲೆಕ್ಕ ಹಾಕೋಣ. ಮಗು ಏಪ್ರಿಲ್ ಕೊನೆಗೆ ದಿನ ತುಂಬಿ ಹುಟ್ಟಿದೆ ಅಂತಾದರೆ, ಗರ್ಭ ನಿಂತದ್ದು 2019ರ ಆಗಸ್ಟ್ ಮೊದಲ ವಾರದ ಆಸುಪಾಸು. ಏಳು ವಾರ ಸೇರಿಸಿ. ಸೆಪ್ಟೆಂಬರ್ ಕೊನೆ. ಅಂಗುಳು ಬೆಸೆಯುವುದು ಅಕ್ಟೋಬರ್ ಕೊನೆಗೆ ಮುಗಿದಿದೆ. ಸ್ಕ್ಯಾನ್ ಪುಸ್ತಕದ ವಾರ ಹಿಡಿದರೆ ಎರಡು ವಾರ ಹೆಚ್ಚು ಕಾಣುತ್ತದೆ, ಅದು ಕೊನೆಯ ಮುಟ್ಟಿನಿಂದ ಎಣಿಸುವುದರಿಂದ. ಹೇಗೆ ಎಣಿಸಿದರೂ ಡಿಸೆಂಬರ್ 26ಕ್ಕೆ ಆ ಬಾಗಿಲಿನ ಕೆಲಸ ಮುಗಿದು ಸುಮಾರು ಮೂರು ತಿಂಗಳಾಗಿತ್ತು. ನೀವು ಅಂಗಳದಲ್ಲಿ ನಿಂತಾಗ ಮಗುವಿನ ಮೂಗು ಈಗ ಹೇಗಿದೆಯೋ ಹಾಗೇ ಇತ್ತು. ಈ ತಾರೀಕುಗಳನ್ನು ಒಂದು ಕಾಗದದಲ್ಲಿ ಬರೆದು ಅಮ್ಮನ ಎದುರು ಇಡಿ. ವಾದ ಮಾಡುವುದಕ್ಕಿಂತ ಅದು ಮೇಲು. ಗ್ರಹಣ ನಿಜವಾಗಿ ಹಾಳು ಮಾಡುವುದು ಬರಿಗಣ್ಣಲ್ಲಿ ನೋಡಿದವರ ಕಣ್ಣನ್ನು. ನೀವು ಕನ್ನಡಕ ಕೊಟ್ಟಿದ್ದಿರಿ.

ಎಂಡೋಸಲ್ಫಾನ್ ವಿಷಯದಲ್ಲಿ ನಾನು ಇಷ್ಟು ಹಗುರವಾಗಿ ಮಾತಾಡುವುದಿಲ್ಲ. ನಿಮ್ಮ ಪಂಚಾಯತಿನಲ್ಲಿ, ಪಡ್ರೆ, ಸ್ವರ್ಗದ ಕಡೆ, ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಬಂದು ಈ ಕೀಟನಾಶಕ ಸಿಂಪಡಿಸಿದ್ದನ್ನು ಕಂಡವರು ಇನ್ನೂ ಇದ್ದಾರೆ. ಆ ಮನೆಗಳ ಮಕ್ಕಳನ್ನು ನಾನೂ ನೋಡಿದ್ದೇನೆ. ಆ ಸಂಕಟ ಕಟ್ಟುಕಥೆಯಲ್ಲ. ಆದರೆ ನಿಮ್ಮ ಮಗಳ ವಿಷಯ ಬೇರೆ. ಆಕಾಶದಿಂದ ಸಿಂಪಡಿಸುವುದು ನಿಂತದ್ದು 2000ದ ಹೊತ್ತಿಗೆ. ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿದ್ದು 2011ರಲ್ಲಿ. ಮಗು ಹುಟ್ಟಿದ್ದು 2020ರಲ್ಲಿ. ಇನ್ನು ಮೂಗಿನ ಈ ದೋಷವನ್ನು ಮೊದಲು ಬರೆದಿಟ್ಟದ್ದು 1755ರಲ್ಲಿ, ರೋಡರರ್ ಎಂಬ ಜರ್ಮನ್ ವೈದ್ಯ. ಆ ಕೀಟನಾಶಕ ಹುಟ್ಟುವುದಕ್ಕೆ ಎರಡು ಶತಮಾನ ಮೊದಲು. ಐದರಿಂದ ಎಂಟು ಸಾವಿರ ಹೆರಿಗೆಗೆ ಒಂದರಂತೆ ಇದು ಪ್ರಪಂಚದ ಎಲ್ಲ ಕಡೆ ಕಾಣುತ್ತದೆ. ಹುಡುಗಿಯರಲ್ಲಿ ಹೆಚ್ಚು, ಒಂದೇ ಬದಿ ಇರುವುದು ಹೆಚ್ಚು, ಅದರಲ್ಲೂ ಬಲಬದಿ ಹೆಚ್ಚು. ನಿಮ್ಮ ಮಗಳು ಈ ಮೂರಕ್ಕೂ ಸರಿಯಾಗಿ ಕೂರುತ್ತಾಳೆ. ಒಂದು ಮಗುವಿನ ಮೂಗು ನೋಡಿ 'ಇದು ಆ ವಿಷದಿಂದಲೇ' ಎಂದು ಹೇಳುವ ಪರೀಕ್ಷೆ ಇಲ್ಲ. ಇಂಥ ದೋಷ ಅದರಿಂದ ಬರುತ್ತದೆ ಎಂದು ಹೇಳಲು ನನ್ನ ಕೈಯಲ್ಲಿ ಆಧಾರವೂ ಇಲ್ಲ.

ಥೈರಾಯ್ಡ್ ಮಾತ್ರೆಯ ಚಿಂತೆ ಮಾತ್ರ ಬುದ್ಧಿವಂತ ಚಿಂತೆ. ನಿಮ್ಮ ಹೆಂಡತಿ ಸುಮ್ನೆ ಹೆದರಿದ್ದಲ್ಲ. ಆದರೆ ಥೈರಾಯ್ಡ್ ಮಾತ್ರೆಯಲ್ಲಿ ಎರಡು ಜಾತಿ. ಹಾರ್ಮೋನ್ ಕಡಿಮೆಯಾದರೆ ಕೊಡುವುದು ಥೈರಾಕ್ಸಿನ್. ನಮ್ಮ ಕಡೆ ಹೆಚ್ಚಿನ ಹೆಂಗಸರು ತೆಗೆದುಕೊಳ್ಳುವುದು ಇದನ್ನೇ. ಇದರಿಂದ ಮಗುವಿಗೆ ತೊಂದರೆ ಇಲ್ಲ, ನಿಲ್ಲಿಸಿದರೇ ತೊಂದರೆ. ಹಾರ್ಮೋನ್ ಜಾಸ್ತಿಯಾದರೆ ಕೊಡುವುದು ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್. ಬಸಿರಿನ ಮೊದಲ ವಾರಗಳಲ್ಲಿ ಇವನ್ನು ತೆಗೆದುಕೊಂಡ ಕೆಲವು ತಾಯಂದಿರ ಮಕ್ಕಳಲ್ಲಿ ಈ ಮೂಗಿನ ದೋಷ ಕಂಡಿದೆ. ಹಳೇ ಚೀಟಿ ತೆಗೆದು ಯಾವುದೆಂದು ನೋಡಿ. ಎರಡನೇ ಜಾತಿಯದ್ದಾಗಿದ್ದರೂ ಅದು ಅವರ ತಪ್ಪಲ್ಲ. ಚಿಕಿತ್ಸೆ ಮಾಡದ ಥೈರಾಯ್ಡ್ ಏರಿಕೆ ತಾಯಿಗೂ ಮಗುವಿಗೂ ಇದಕ್ಕಿಂತ ಅಪಾಯ. ಮುಂದಿನ ಬಸಿರಿಗೆ ಮೊದಲೇ ಡಾಕ್ಟರಿಗೆ ತಿಳಿಸಿದರೆ ಮೊದಲ ಮೂರು ತಿಂಗಳಿಗೆ ಮಾತ್ರೆ ಬದಲಿಸುತ್ತಾರೆ. ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ.

ಇಷ್ಟು ವರ್ಷ ಯಾರಿಗೂ ಯಾಕೆ ಗೊತ್ತಾಗಲಿಲ್ಲ ಎಂದು ಪತ್ರದ ಕೊನೆಗೆ ಕೇಳಿದ್ದೀರಿ. ಎರಡೂ ಬದಿ ಮುಚ್ಚಿದ್ದರೆ ಹುಟ್ಟಿದ ನಿಮಿಷಕ್ಕೇ ಗೊತ್ತಾಗುತ್ತಿತ್ತು. ಎಳೆ ಮಕ್ಕಳು ಮೊದಲ ಕೆಲವು ವಾರ ಮೂಗಿನಲ್ಲೇ ಉಸಿರಾಡುವವರು. ಸುಮ್ಮನಿದ್ದಾಗ ನೀಲಿ ತಿರುಗುತ್ತವೆ, ಅಳುವಾಗ ಬಾಯಿ ತೆರೆದು ಕೆಂಪಗಾಗುತ್ತವೆ. ಅದು ನಿಜವಾದ ತುರ್ತು. ಬಾಯಿಗೆ ಟ್ಯೂಬ್ ಇಟ್ಟು ಉಸಿರು ಉಳಿಸಿ, ದಿನಗಳ ಒಳಗೆ ಆಪರೇಷನ್ ಮಾಡಬೇಕಾಗುತ್ತದೆ. ಒಂದು ಬದಿ ತೆರೆದಿದ್ದರೆ ಮಗು ಅದರಲ್ಲೇ ಬದುಕು ಸಾಗಿಸುತ್ತದೆ. ಹುಟ್ಟಿದ ಕೂಡಲೇ ಎರಡೂ ಹೊಳ್ಳೆಗೆ ಸಪೂರ ಟ್ಯೂಬ್ ಇಳಿಸಿ ನೋಡುವ ಕ್ರಮ ಎಲ್ಲ ಕಡೆ ಇಲ್ಲ. ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿಯೇ ಬಂದ್ ಆಗಿದ್ದ ಆ ತಿಂಗಳಲ್ಲಿ ಹೇಳುವುದೇ ಬೇಡ. ಆಮೇಲೆ ಒಂದೇ ಹೊಳ್ಳೆಯಲ್ಲಿ ಸಿಂಬಳ ಕಂಡರೆ ನಾವು ಮೊದಲು ಹುಡುಕುವುದು ಮಂಜೊಟ್ಟಿ ಕಾಯಿ, ಹುಣಸೆ ಬೀಜ, ಮಣಿ. ಅದು ಸರಿಯೇ. ಗುಂಡಿ ಬ್ಯಾಟರಿ ಆಗಿದ್ದರಂತೂ ಗಂಟೆಗಳ ಲೆಕ್ಕದಲ್ಲಿ ಮೂಗನ್ನು ಸುಡುತ್ತದೆ. ವ್ಯತ್ಯಾಸ ಇಷ್ಟೇ: ವಸ್ತು ಸಿಕ್ಕಿಕೊಂಡ ಮೂಗಿನಲ್ಲಿ ಸಿಂಬಳ ಒಂದು ದಿನ ಶುರುವಾಗಿ ಕೆಟ್ಟ ವಾಸನೆ ಬರುತ್ತದೆ. ಇದು ಹುಟ್ಟಿನಿಂದಲೂ ಇರುತ್ತದೆ, ಸಿಂಬಳ ಹಿಂದಕ್ಕೆ ಇಳಿಯಲು ದಾರಿಯಿಲ್ಲದೆ ಗೋಂದಾಗುತ್ತದೆ.

ಆಪರೇಷನ್ ತುರ್ತು ಅಲ್ಲ. ಈ ತಿಂಗಳು ಆಗದಿದ್ದರೆ ಏನೂ ಕೆಡುವುದಿಲ್ಲ. ಆದರೆ ವಯಸ್ಸು ಸರಿಯಾಗಿದೆ. ಮೂಗು ದೊಡ್ಡದಾಗಿದೆ, ಉಪಕರಣ ಆಡಿಸಲು ಜಾಗ ಇದೆ, ಎಳೆ ಮಗುವಿಗಿಂತ ಮತ್ತೆ ಮುಚ್ಚಿಕೊಳ್ಳುವ ಸಂಭವ ಕಡಿಮೆ. ಮಾಡಿಸದೇ ಇದ್ದರೆ? ಬದುಕಬಹುದು. ಎಡ ಹೊಳ್ಳೆಗೆ ಶೀತವಾದಾಗಲೆಲ್ಲ ಬಾಯಲ್ಲಿ ಉಸಿರು, ಬಲಕ್ಕೆ ವಾಸನೆ ಸರಿಯಾಗಿ ತಿಳಿಯದೆ ಇರುವುದು, ಸದಾ ಸಿಂಬಳ. ಶಾಲೆಯ ಬೆಂಚಿನಲ್ಲಿ ಪಕ್ಕ ಕೂರುವವರು ಏನು ಹೇಳುತ್ತಾರೆ ಎನ್ನುವುದೂ ಒಂದು ಕಾರಣವೇ. ನಾನಾದರೆ ಮಾಡಿಸುತ್ತೇನೆ, ಮುಂದಿನ ದೊಡ್ಡ ರಜೆಯಲ್ಲಿ.

ಈಗ ಹೆಚ್ಚಾಗಿ ಹೊಳ್ಳೆಯ ಮೂಲಕವೇ ಎಂಡೋಸ್ಕೋಪ್ ಹಾಕಿ ಮಾಡುತ್ತಾರೆ. ಪೂರ್ತಿ ಅರಿವಳಿಕೆ ಕೊಟ್ಟು, ಮೂಳೆಯ ಗೋಡೆ ಕೊರೆದು, ನಡು ಪರದೆಯ ಹಿಂತುದಿಯನ್ನೂ ಸ್ವಲ್ಪ ತೆಗೆದು ಬಾಗಿಲು ಅಗಲ ಮಾಡುತ್ತಾರೆ. ಹೊರಗೆ ಗಾಯವಿಲ್ಲ. ಅಂಗುಳು ಕೊಯ್ದು ಮಾಡುವ ಹಳೆಯ ಕ್ರಮವೂ ಇದೆ. ಅದರಲ್ಲಿ ನೋಟ ಚೆನ್ನಾಗಿ ಸಿಗುತ್ತದೆ, ಆದರೆ ಬೆಳೆಯುವ ಅಂಗುಳಿಗೆ, ಹಲ್ಲಿನ ಸಾಲಿಗೆ ತೊಂದರೆ ಆಗಬಹುದು. ಯಾರಾದರೂ ಅದನ್ನೇ ಹೇಳಿದರೆ ಯಾಕೆ ಎಂದು ಕೇಳಿ. ರಕ್ತಸ್ರಾವ, ಅರಿವಳಿಕೆಯ ಅಪಾಯ, ಅಪರೂಪಕ್ಕೆ ಅಕ್ಕಪಕ್ಕದ ಭಾಗಕ್ಕೆ ಪೆಟ್ಟು, ಇವೆಲ್ಲ ಇದ್ದದ್ದೇ. ನಿಜವಾಗಿ ನಮ್ಮನ್ನು ಸತಾಯಿಸುವುದು ಬೇರೆ: ಮಾಡಿದ ಬಾಗಿಲು ಗಾಯ ಮಾಗುವಾಗ ಮತ್ತೆ ಕಿರಿದಾಗುವುದು. ಎಷ್ಟೋ ಮಕ್ಕಳಿಗೆ ಎರಡನೇ ಸಲ ಸಣ್ಣದಾಗಿ ಸರಿ ಮಾಡಬೇಕಾಗುತ್ತದೆ. ಇದನ್ನು ಮೊದಲೇ ತಿಳಿದಿದ್ದರೆ ಆಮೇಲೆ 'ಆಪರೇಷನ್ ಫೇಲ್' ಎಂದು ಅಳುವುದು ತಪ್ಪುತ್ತದೆ. ಒಳಗೆ ಕೆಲವು ವಾರ ಟ್ಯೂಬ್ ಬಿಡಬೇಕೇ ಬೇಡವೇ ಎನ್ನುವುದರಲ್ಲಿ ಸರ್ಜನ್‌ಗಳಲ್ಲಿ ಎರಡು ಪಕ್ಷ. ನಾನು ಬೇಡ ಅನ್ನುವ ಪಕ್ಷ, ಅನಗತ್ಯವಾಗಿ ಕೆರಳುತ್ತದೆ ಎಂದು. ಆದರೆ ನಿಮ್ಮ ಸರ್ಜನ್‌ಗೆ ಯಾವುದು ಕೈಗೆ ಒಗ್ಗಿದೆಯೋ ಅದು ಒಳ್ಳೆಯದು.

ಮಂಗಳೂರೋ ಕಣ್ಣೂರೋ ಕೋಝಿಕ್ಕೋಡೋ ಎಂದರೆ, ಹತ್ತು ಸಲ ಹೋಗಿ ಬರಲು ಎಲ್ಲಿಗೆ ಆಗುತ್ತದೋ ಅಲ್ಲಿಗೆ ಹೋಗಿ. ಆಪರೇಷನ್ ಒಂದು ದಿನದ್ದು. ಉಪ್ಪುನೀರಲ್ಲಿ ಮೂಗು ತೊಳೆಯುವುದು, ಹೋಗಿ ತೋರಿಸಿ ಬರುವುದು ತಿಂಗಳುಗಟ್ಟಲೆ. ಈ ದೋಷದ ಮಕ್ಕಳಿಗೆ ಎಷ್ಟು ಸಲ ಮಾಡಿದ್ದೀರಿ ಎಂದು ಕೇಳಲು ನಾಚಿಕೆ ಬೇಡ.

ಅದಕ್ಕೆ ಮೊದಲು ಒಂದು ಕಣ್ಣಿನ ಪರೀಕ್ಷೆ, ಕಿವಿಯ ಪರೀಕ್ಷೆ, ಹೃದಯದ ಎಕೋ ಮಾಡಿಸಿ. ಚಾರ್ಜ್ ಸಿಂಡ್ರೋಮ್ ಎಂದು ಒಂದಿದೆ. ಅದರಲ್ಲಿ ಮೂಗಿನ ಜೊತೆ ಇವೂ ಕೆಟ್ಟಿರುತ್ತವೆ. ಅದರ ಮುಖ್ಯ ಜೀನ್ 2004ರಲ್ಲಿ ಪತ್ತೆಯಾಯಿತು. ಮೂಗಿನ ಎರಡೂ ಬದಿ ಮುಚ್ಚಿದ ಮಕ್ಕಳಲ್ಲಿ ಅದು ಹೆಚ್ಚು. ಓಡಾಡಿ, ಚೆನ್ನಾಗಿ ಬೆಳೆದು, ಒಂದನೇ ಕ್ಲಾಸಿನಲ್ಲಿ ಓದುತ್ತಿರುವ, ಒಂದೇ ಬದಿ ಮುಚ್ಚಿದ ನಿಮ್ಮ ಮಗಳಲ್ಲಿ ಸಾಧ್ಯತೆ ಕಡಿಮೆ. ಇಂಟರ್‌ನೆಟ್‌ನಲ್ಲಿ ಹುಡುಕಿ ಇನ್ನೊಂದು ರಾತ್ರಿಯ ನಿದ್ದೆ ಕೆಡಿಸಿಕೊಳ್ಳಬೇಡಿ. ಪರೀಕ್ಷೆಗಳು ಸರಿಯಿದ್ದರೆ ಮುಂದಿನ ಮಗುವಿಗೆ ಇದೇ ಬರುವ ಸಂಭವವೂ ತೀರಾ ಕಡಿಮೆ.

ಅಲ್ಲಿಯವರೆಗೆ ಆ ಹೊಳ್ಳೆಯ ಮುಂಭಾಗ ಮಾತ್ರ ಒರೆಸಿ. ಕಡ್ಡಿ, ಹತ್ತಿ ಒಳಗೆ ಹಾಕಬೇಡಿ. ಎಣ್ಣೆ, ತುಪ್ಪ ಬಿಡುವುದು ಬೇಡ, ಇನ್ನೊಂದು ಹೊಳ್ಳೆಗೂ ಬೇಡ. ಅದು ಶ್ವಾಸಕೋಶಕ್ಕೆ ಇಳಿದರೆ ಬೇರೆಯೇ ಕಾಯಿಲೆ. ಪ್ರತಿ ಸಲ ಆಂಟಿಬಯೋಟಿಕ್ ಕುಡಿಸುವುದನ್ನೂ ನಿಲ್ಲಿಸಿ. ಶೀತ ಇರುವ ವಾರ ಆಪರೇಷನ್‌ಗೆ ಹೋಗಬೇಡಿ. ಮತ್ತೆ, ಸರ್ಜನ್ ಹತ್ತಿರ ಹೋಗುವಾಗ ಸಿ.ಟಿ.ಯ ರಿಪೋರ್ಟ್ ಕಾಗದ ಸಾಲದು, ಸಿ.ಡಿ.ಯನ್ನೂ ಒಯ್ಯಿರಿ. ಗೋಡೆ ಎಷ್ಟು ದಪ್ಪ ಎಂದು ಅವರು ತಮ್ಮ ಕಣ್ಣಲ್ಲೇ ನೋಡಬೇಕು.